ಗೂಟ ಕಿತ್ತರಷ್ಟೇ ಡೇರೆ

ಹಂಪಿಯಲ್ಲಿ ಕೆರೆದಂಡೆಯ ಕ್ಯಾಂಪಿಂಗ್ ಎಂದು ಜಾಹೀರಾತು ಕೊಡುವವರು ಡೇರೆ ಹೊಡೆಯುವುದು ಹಂಪಿಯಲ್ಲಲ್ಲ. ಹಂಪಿ ಇರುವುದು ತುಂಗಭದ್ರೆಯ ಆಚೆ ದಂಡೆಗೆ, ವಿಜಯನಗರ ಜಿಲ್ಲೆಯಲ್ಲಿ. ಜಾಹೀರಾತಿನ ಕೆರೆ, ಅದರ ಸುತ್ತಲಿನ ಬಂಡೆಗಲ್ಲು, ಬಂಡೆ ಸಂದಿಯ ಬಾಳೆತೋಟ, ತೋಟದಂಚಿಗೆ ಸಾಲಾಗಿ ನಿಂತ ಕೇಸರಿ ಬಣ್ಣದ ಗುಮ್ಮಟ ಡೇರೆಗಳು ಎಲ್ಲವೂ ಈಚೆ ದಂಡೆಗಿವೆ, ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಸಾಣಾಪುರದಲ್ಲಿ. ಅಂಜನಾದ್ರಿ ನಮ್ಮದು, ಪಂಪಾ ಸರೋವರ ನಮ್ಮದು, ವಿಜಯನಗರಕ್ಕಿಂತ ವಯಸ್ಸಿನಲ್ಲಿ ಹಿರಿಯಳಾದ ಆನೆಗೊಂದಿಯೂ ನಮ್ಮದು, ಬೋರ್ಡಿನ ಮೇಲಿನ ಹೆಸರು ಮಾತ್ರ ಅವರದು ಎನ್ನುವುದು ಕೊಪ್ಪಳದವರ ಹಳೆಯ ಗೊಣಗಾಟ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬಂದು ಭಾನುವಾರ ರಾತ್ರಿ ಮರಳುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ತಾವು ಕೊಪ್ಪಳ ಜಿಲ್ಲೆಯಲ್ಲಿ ಮಲಗಿ ಎದ್ದೆವೆಂದು ತಿಳಿಯದೆಯೇ ಹೋಗುತ್ತಾರೆ. ಇದು ಸಿಟ್ಟು ಬರಿಸುವ ಸಂಗತಿಯೇ ಸರಿ. ಆದರೆ ಹೆಸರಿನ ಕಳವು ಸಣ್ಣದು. ಅದಕ್ಕಿಂತ ದೊಡ್ಡ ತಕರಾರು ಬೇರೆ ಇದೆ: ಅಲ್ಲಿ ಹೊಡೆದ ಡೇರೆ ಮತ್ತೆ ಏಳುವುದಿಲ್ಲ. ಒಂದು ರಾತ್ರಿಗೆ ಇಳಿದ ಬಟ್ಟೆಯ ಗೂಡು ಮರುವರ್ಷಕ್ಕೆ ಸಿಮೆಂಟಿನ ಕಟ್ಟೆ ಹತ್ತುತ್ತದೆ, ಅದರ ಮರುವರ್ಷ ಅದಕ್ಕೊಂದು ಬಚ್ಚಲು ಅಂಟಿಕೊಳ್ಳುತ್ತದೆ, ಮೂರನೆಯ ವರ್ಷ ಏರ್‌ಕಂಡೀಷನ್ನು. ಡೇರೆಯ ಘನತೆ ಇರುವುದೇ ಅದನ್ನು ಎತ್ತಿಕೊಂಡು ಹೋಗುವುದರಲ್ಲಿ. ಆ ಮಾತನ್ನು ಬೇರೆ ಯಾವ ಸೀಮೆಗಿಂತಲೂ ಚೆನ್ನಾಗಿ ಬಲ್ಲದ್ದು ಈ ಸೀಮೆ, ಅದನ್ನು ಇಲ್ಲಿಯೇ ಮರೆಯುತ್ತಿದ್ದೇವೆ ಎಂಬುದು ಈ ಬರಹದ ವಾದ.

ಮೊದಲು ಕೆರೆಯ ವಿಚಾರ. ಸಾಣಾಪುರದ್ದು ಊರವರು ಕಟ್ಟಿ ಊರವರು ಕುಡಿದ ಕೆರೆಯಲ್ಲ. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ರಾಯಚೂರಿನ ಕಡೆ ಹರಿಯುವಾಗ ಬಂಡೆಗುಡ್ಡಗಳ ನಡುವೆ ನೀರು ತಂಗಲೆಂದು ಮಾಡಿಕೊಂಡ ಜಲಾಶಯ ಅದು. 1953ರಲ್ಲಿ ಮುಗಿದ ಅಣೆಕಟ್ಟಿನ ಸಂತಾನ. ಕಾಲುವೆಯ ನೀರಿಗೆ ಮೇಲಿನಿಂದ ಕಾಣದ ಸೆಳೆತವಿರುತ್ತದೆ ಎಂಬುದು ಗಂಗಾವತಿಯ ಭತ್ತದ ಗದ್ದೆಯಲ್ಲಿ ಬೆಳೆದ ಹುಡುಗರಿಗೆ ಗೊತ್ತು, ಈಜುಕೊಳದಲ್ಲಿ ಈಜು ಕಲಿತವರಿಗೆ ಗೊತ್ತಿಲ್ಲ. ಅಲ್ಲಿ ತೇಲುವ ಹರಿಗೋಲಿಗೆ ಮಾತ್ರ ನಿಜವಾದ ವಂಶಾವಳಿ ಇದೆ. ಐನೂರು ವರ್ಷದ ಹಿಂದೆ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಿಸ್ ಆನೆಗೊಂದಿಯ ಕಡವಿನಲ್ಲಿ ತೊಗಲು ಹೊದಿಸಿದ ಈ ದುಂಡನೆಯ ಬುಟ್ಟಿದೋಣಿಗಳನ್ನು ಕಂಡು, ಹದಿನೈದಿಪ್ಪತ್ತು ಜನ ಕೂಡುತ್ತಾರೆ, ಕುದುರೆ ಎತ್ತುಗಳೂ ದಾಟುತ್ತವೆ ಎಂದು ಬೆರಗಿನಿಂದ ಬರೆದಿಟ್ಟ. ಈಗ ಅದೇ ಹರಿಗೋಲು ಕೆರೆಯ ನಡುವೆ ಗರಗರನೆ ಸುತ್ತುತ್ತದೆ, ಎಲ್ಲಿಗೂ ದಾಟುವುದಿಲ್ಲ. ದಾಟಿಸುವುದಕ್ಕೆ ಹುಟ್ಟಿದ್ದು ಸುತ್ತುವುದಕ್ಕೆ ನಿಂತಿತು. ಏಳುವುದಕ್ಕೆ ಹುಟ್ಟಿದ ಡೇರೆಯೂ ಅದರ ಪಕ್ಕದಲ್ಲೇ ಬೇರು ಬಿಟ್ಟಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಡೇರೆ ಏಳುತ್ತಿದ್ದ ಕಾಲದ ಮಾತಿಗೆ ಸಾಕ್ಷಿ ಪಾಯಿಸನ ನಂತರ ಬಂದ ಇನ್ನೊಬ್ಬ, ಕುದುರೆ ವ್ಯಾಪಾರಿ ನ್ಯೂನಿಜ್. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಮೇಲೆ ದಂಡೆತ್ತಿ ಹೋದದ್ದನ್ನು ಅವನು ಬಣ್ಣಿಸುವಾಗ ಕಾದಾಟಕ್ಕಿಂತ ಪಾಳೆಯದ ವರ್ಣನೆಯೇ ರಂಗೇರುತ್ತದೆ. ದಂಡು ಇಳಿದಲ್ಲಿ ಬೀದಿಗಳು, ಬೀದಿಯಲ್ಲಿ ಸಂತೆ, ಸಂತೆಯಲ್ಲಿ ಕಾಳುಕಡಿಯಿಂದ ಹಿಡಿದು ಬಟ್ಟೆ, ರತ್ನದವರೆಗೆ ಸಕಲವೂ. ಇದು ದಂಡೋ ಪಟ್ಟಣವೋ ಎಂಬ ಅನುಮಾನ ಅವನಿಗೆ. ನಡುವೆ ರಾಯನ ಡೇರೆ. ಅದರ ಸುತ್ತ ಕಾವಲಿಗೆ ಏನಿತ್ತೆಂದು ಬಲ್ಲಿರಾ? ಮುಳ್ಳಿನ ಬೇಲಿ, ಅದಕ್ಕೆ ಒಂದೇ ಬಾಗಿಲು. ಹೊಳೆಯಾಚೆ ಏಳು ಸುತ್ತಿನ ಕೋಟೆಯೊಳಗೆ ಮಲಗುವ ದೊರೆ ದಾರಿಯಲ್ಲಿ ಕುರಿಗಾರನ ಬೇಲಿಯೊಳಗೇ ಮಲಗಿದ. ಕೃಷ್ಣಾ ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ಬಹಮನಿಗಳು, ಆದಿಲಶಾಹಿಗಳು, ವಿಜಯನಗರದವರು ಇನ್ನೂರು ವರ್ಷ ಬಡಿದಾಡಿದರು. ಅಷ್ಟು ದಂಡುಗಳು ಇಲ್ಲಿ ಬಿಡಾರ ಹೂಡಿದವು, ಅಷ್ಟು ಸಾವಿರ ಗೂಟಗಳು ಈ ಮಣ್ಣಿಗೆ ಇಳಿದವು. ಇಂದು ಹೊಲ ಹರಗುವವನ ಕುಂಟೆಗೆ ಅವುಗಳಲ್ಲಿ ಒಂದೂ ಸಿಕ್ಕುವುದಿಲ್ಲ. ಕೊಪ್ಪಳದ ಕೋಟೆ ನಿಂತಿದೆ, ಆನೆಗೊಂದಿಯ ಅಗಸೆ ನಿಂತಿದೆ. ಪಾಳೆಯದ ಮೇಲೆ ಮಾತ್ರ ಜೋಳ ಬೆಳೆದಿದೆ. ಆ ನೆಲ ಬಳಸಿದವರು ಅದನ್ನು ನೆಲವಾಗಿಯೇ ಬಿಟ್ಟು ಹೋದರು.

ಇದಕ್ಕೆ ತದ್ವಿರುದ್ಧದ ಉದಾಹರಣೆ ಗಂಗಾವತಿಗೆ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದ ಮೇಲಿದೆ. ಅಲ್ಲಿ ನಾಲ್ಕು ದಿಕ್ಕಿಗೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಒಂದು ಮಗ್ಗುಲಿಗೆ ದುಂಡನೆಯ ಕಂಡಿ ಕೊರೆದ ಶಿಲಾಗೃಹಗಳು ಸಾಲುಗಟ್ಟಿವೆ. ಎಲ್ಲ ಬಗೆಯ ಕಟ್ಟಣಗಳನ್ನೂ ಸೇರಿಸಿದರೆ ಸುಮಾರು ನಾನೂರು. ಎರಡು ಸಾವಿರ ವರ್ಷಕ್ಕೂ ಹಳೆಯ ಕಬ್ಬಿಣ ಯುಗದ ಜನ ಸತ್ತವರ ನೆನಪಿಗೆ ಎಬ್ಬಿಸಿದ್ದು ಇವನ್ನು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಊರವರಿಗೆ ಮಾತ್ರ ಅದು ಮೋರೇರ ಗುಡ್ಡ: ಮೂರಡಿ ಎತ್ತರದ ಕುಳ್ಳ ಜನ ಬಾಳಿದ ಮನೆಗಳು. ಇವುಗಳ ಬಗ್ಗೆ 1835ರಲ್ಲಿಯೇ ಬರೆದವನು ಫಿಲಿಪ್ ಮೆಡೋಸ್ ಟೇಲರ್. ಈತನೊಬ್ಬ ವಿಚಿತ್ರ ಆಸಾಮಿ. ಹದಿನೈದರ ಪೋರನಾಗಿ ಮುಂಬಯಿಯ ಸಾಹುಕಾರನೊಬ್ಬನ ಅಂಗಡಿಗೆಂದು ಹಡಗು ಹತ್ತಿ ಬಂದರೆ ಆ ಅಂಗಡಿಯೇ ದಿವಾಳಿ. ಹೇಗೋ ನಿಜಾಮನ ಚಾಕರಿಗೆ ಸೇರಿದ. ಕಾನೂನು, ಸರ್ವೆ, ಚಿತ್ರಕಲೆ, ದೇಶಭಾಷೆ ಎಲ್ಲವನ್ನೂ ತಾನೇ ಕಲಿತುಕೊಂಡ. ಠಕ್ಕರ ಮೇಲೆ ಕಾದಂಬರಿ ಬರೆದು ವಿಲಾಯತಿಯಲ್ಲಿ ಹೆಸರಾದ. ಸುರಪುರದ ಆಡಳಿತ ನಡೆಸಿದ, ಸಿಕ್ಕ ಸಿಕ್ಕ ಗೋರಿಗಳನ್ನು ಅಗೆದು ಅಳೆದು ಚಿತ್ರ ಬಿಡಿಸಿದ. ಆ ಕಾಲದ ಅಧಿಕಾರಿಗಳಿಗೆ ವರ್ಷದ ಅರ್ಧ ಡೇರೆಯಲ್ಲಿ ಸುತ್ತಾಡುವುದೇ ಉದ್ಯೋಗ. ಹಾಗೆ ಬಟ್ಟೆಯ ಮನೆಯಲ್ಲಿ ಬದುಕುತ್ತಿದ್ದವನು ಕಲ್ಲಿನ ಮನೆಗಳ ಹುಚ್ಚು ಹಿಡಿಸಿಕೊಂಡ. ಆ ಗುಡ್ಡ ಕಟ್ಟಿದವರ ತರ್ಕವಾದರೂ ಸ್ಪಷ್ಟವಾಗಿತ್ತು. ಸತ್ತವರು ಏಳುವುದಿಲ್ಲ, ಆದ್ದರಿಂದ ಅವರಿಗೆ ಕಲ್ಲು. ಬದುಕಿದ್ದವರ ಗುಡಿಸಲುಗಳಲ್ಲಿ ಒಂದೂ ಇವತ್ತಿಗೆ ನಿಂತಿಲ್ಲ. ವಾರಾಂತ್ಯದ ಎರಡು ರಾತ್ರಿಗೆ ಬರುವವರಿಗೆ ಶಾಶ್ವತವಾದ ಕಟ್ಟೆ ಕಟ್ಟಿಕೊಡುವ ನಾವು ಆ ತರ್ಕವನ್ನು ತಲೆಕೆಳಗು ಮಾಡಿದ್ದೇವೆ.

ದಂಡುಗಳು ಹೋದವು, ಸಾಹೇಬರೂ ಹೋದರು. ಡೇರೆಯ ಶಾಸ್ತ್ರವನ್ನು ಇವತ್ತಿಗೂ ಉಳಿಸಿಕೊಂಡವರು ಯಲಬುರ್ಗಾ, ಕುಷ್ಟಗಿ ಕಡೆಯ ಸಂಚಾರಿ ಕುರಿಗಾರರು. ಸುಗ್ಗಿ ಮುಗಿದ ಹೊಲಕ್ಕೆ ಅವರು ಬರುವುದು ಹೊಲದ ಒಡೆಯ ಕರೆದ ಮೇಲೆ. ಸಂಜೆ ಹಿಂಡು ಮರಳುವ ಹೊತ್ತಿಗೆ ಗೂಟ ನೆಟ್ಟು ಸುತ್ತ ಬಲೆ ಬಿಗಿದಿರುತ್ತಾರೆ. ಮೊದಲಾದರೆ ಜಾಲಿ ಮುಳ್ಳು. ಮರಿಗಳಿಗೆ ಬೇರೆ ಬಲೆ. ಮೂರು ಕಲ್ಲಿನ ಒಲೆ, ಮೇಲೊಂದು ತಾಡಪತ್ರಿ, ಹೊದೆಯಲು ಕಂಬಳಿ, ಬೇಲಿಯಾಚೆ ನಾಯಿ, ಇಷ್ಟೇ ಸಂಸಾರ. ಬೆಳಗಾದರೆ ಬಲೆಯೊಳಗಿನ ನೆಲ ಹಿಕ್ಕೆಯಿಂದ ಕಪ್ಪಗೆ ಮುಚ್ಚಿರುತ್ತದೆ, ಮೂತ್ರದ ವಾಸನೆ ಮೂಗಿಗೆ ಬಡಿಯುತ್ತದೆ. ಮರುದಿನ ಬಲೆ ಅದರ ಪಕ್ಕದ ಪಟ್ಟಿಗೆ ಸರಿಯುತ್ತದೆ, ಅದರ ಮರುದಿನ ಇನ್ನೊಂದು ಪಟ್ಟಿಗೆ. ಹೀಗೆ ಹೊಲವೆಲ್ಲ ತುಂಬಿದ ಮೇಲೆ ಹಟ್ಟಿ ಎದ್ದು ಮುಂದಿನ ಹೊಲಕ್ಕೆ ನಡೆಯುತ್ತದೆ. ಅಲ್ಲಿ ಕುರಿ ಮಲಗಿದ್ದಕ್ಕೆ ರೈತನೇ ಕುರಿಗಾರನಿಗೆ ಕೊಡಬೇಕು. ರಾತ್ರಿಗಿಷ್ಟು ಜೋಳ ಎಂಬ ಕಾಲವಿತ್ತು, ಈಗ ಬಹುಪಾಲು ರೊಕ್ಕ. ಯಾಕೆಂದರೆ ಎರಡು ಮೂರು ಬೆಳೆಯ ತನಕ ಆ ಹೊಲದ ಪೈರಿನ ಬಣ್ಣವೇ ಬೇರೆ. ಇಡೀ ಪ್ರವಾಸೋದ್ಯಮದ ಶಾಸ್ತ್ರದಲ್ಲಿ ಇಂಥದೊಂದು ಕರಾರು ಸಿಕ್ಕುವುದಿಲ್ಲ: ತಂಗಲು ಬಂದವನಿಗೆ ತಂಗಿದ್ದಕ್ಕೆ ಹಣ, ಏಕೆಂದರೆ ಅವನು ತಂಗಿದ ಮೇಲೆ ಭೂಮಿ ಮೊದಲಿಗಿಂತ ಮೇಲಾಗಿರುತ್ತದೆ. ಪೇಟೆಯ ಡೇರೆವಾಸಿಯಿಂದ ಅಷ್ಟನ್ನು ಯಾರೂ ಬಯಸಲಾರರು. ಅವನ ಕರಾರು ತಿರುಗುಮುರುಗಾಗಿರಲಿ, ಹಣ ಅವನೇ ಕೊಡಲಿ. ಆದರೆ ಕರೆದಾಗ ಬರುವುದು, ತೋರಿಸಿದಲ್ಲಿ ಇಳಿಯುವುದು, ಒಂದೇ ಕಡೆ ಗೂಟ ಹೊಡೆದುಕೊಂಡು ಕೂಡದಿರುವುದು, ಈ ಮೂರನ್ನು ಕುರಿಹಟ್ಟಿಯಿಂದ ಕಲಿಯಲು ಅಡ್ಡಿಯೇನು?

ಏಳದ ಡೇರೆಗಳು ಎರಡು ಬಗೆ, ಎರಡನ್ನೂ ಈ ಜಿಲ್ಲೆ ಕಂಡಿದೆ. ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆ ಬಂದು ಗುಡಿಸಲು ಹೂಡಿದರು, ಜಾಲಿ ಕಡಿದರು, ಗದ್ದೆ ಮಾಡಿದರು. ಆ ಕ್ಯಾಂಪುಗಳು ಇಂದು ಶಾಲೆ, ಗುಡಿ, ಅಕ್ಕಿ ಗಿರಣಿಗಳಿರುವ ಊರುಗಳು. ಹೆಸರಿನಲ್ಲಿ ಕ್ಯಾಂಪು ಉಳಿದಿದೆ, ಗೋಡೆಗಳೆಲ್ಲ ಇಟ್ಟಿಗೆಯವು. ಇವರ ಗೂಟ ಬೇರಾದದ್ದಕ್ಕೆ ಯಾರ ತಕರಾರೂ ಸಲ್ಲದು, ಅವರು ಬಂದದ್ದೇ ನೆಲೆಸಲು, ಭೂಮಿ ಕೊಂಡು ದುಡಿದು ನೆಲೆಸಿದರು. ಇನ್ನೊಂದು ಬಗೆ ವಿರೂಪಾಪುರ ಗಡ್ಡೆಯದು. ಹಂಪಿಯ ಎದುರಿನ ಆ ನಡುಗಡ್ಡೆಗೆ ಬಂಡೆ ಹತ್ತುವ ಹುಚ್ಚಿನ ವಿದೇಶಿಯರು ಬರತೊಡಗಿದರು. 2003ರಲ್ಲಿ ಕ್ರಿಸ್ ಶರ್ಮಾ ಎಂಬ ಅಮೆರಿಕದ ಹೆಸರಾಂತ ಬಂಡೆಗಾರ ಇಲ್ಲಿ ಹತ್ತಿದ್ದು ಸಿನಿಮಾವೂ ಆಗಿ ಗಡ್ಡೆಯ ಹೆಸರು ಲೋಕಕ್ಕೆಲ್ಲ ಹಬ್ಬಿತು. ಜೋಕಾಲಿ, ಗುಡಿಸಲು ಎಂದು ಮೊದಲಾದದ್ದು ಸಾಲು ಸಾಲು ರೆಸಾರ್ಟಿಗೆ ಬಂದು ನಿಂತಿತು. ಗಡ್ಡೆ ಹಂಪಿ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ, ಅಲ್ಲಿ ಹೀಗೆ ಕಟ್ಟುವಂತಿಲ್ಲ ಎಂಬ ಮಾತು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನ ತನಕ ಹೋಗಿ 2020ರ ಫೆಬ್ರವರಿಯಲ್ಲಿ ಇತ್ಯರ್ಥವಾಯಿತು. ಮಾರ್ಚಿನಲ್ಲಿ ಜೆಸಿಬಿಗಳು ಬಂದವು. ತಾನಾಗಿ ಏಳದ್ದನ್ನು ಜೆಸಿಬಿ ಎಬ್ಬಿಸಿತು. ಅಲ್ಲಿಂದೆದ್ದ ವ್ಯಾಪಾರ ಎಲ್ಲಿಗೆ ಹೋಯಿತು? ಅದೇ ಪ್ರಾಧಿಕಾರದ ವ್ಯಾಪ್ತಿಗೆ ಬರುವ ಸಾಣಾಪುರ, ಆನೆಗೊಂದಿಯ ಕಡೆಗೇ ಸರಿಯಿತು. ಒಮ್ಮೆ ಉರುಳಿದ ಗೋಡೆಯ ಪಾಠವನ್ನು ಕೆಲವೇ ಮೈಲಿ ಆಚೆ ಮರೆಯುವುದಕ್ಕೆ ವಿಶೇಷ ಪ್ರತಿಭೆ ಬೇಕು.

ಹಾಗಾದರೆ ಡೇರೆಗೆ ತಕ್ಕ ನೆಲ ಯಾವುದು? ಯಲಬುರ್ಗಾದಿಂದ ಕುಕನೂರಿನ ಕಡೆಗೋ, ಕುಷ್ಟಗಿಯಿಂದ ಹನುಮಸಾಗರದ ಕಡೆಗೋ ಹೊರಟರೆ ಕಣ್ಣಳತೆಗೆ ಎರೆ ಹೊಲ, ನಡುನಡುವೆ ಮಸಾರಿ. ಮಾರ್ಗಶಿರ, ಪುಷ್ಯ ಮಾಸದಲ್ಲಿ ಆ ಎರೆಯ ಮೇಲೆ ಬಿಳಿಜೋಳ, ಕಡಲೆ, ಕುಸುಬೆ. ಬಂಡೆಯಿಲ್ಲ, ತೆಂಗಿಲ್ಲ, ಕೆರೆಯಲ್ಲಿ ಬಿಂಬವಿಲ್ಲ. ಆದರೆ ಎದ್ದು ನಿಂತರೆ ಹೊಡೆಯುವಷ್ಟು ಆಕಾಶವಿದೆ. ಚಳಿಗೆ ಸೀತನಿ ಸುಡುವ ಕಾಲ ಅದು. ಹಾಲುಗಾಳಿನ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಹೊರಳಿಸಿ, ಬಡಿದು, ತೂರಿ, ಬಿಸಿ ಬಿಸಿ ಕಾಳಿಗೆ ಶೇಂಗಾ ಚಟ್ನಿ, ಬೆಲ್ಲ ಸೇರಿಸಿ ಹೊಲದಲ್ಲೇ ತಿನ್ನಬೇಕು. ಪೇಟೆಗೆ ಕಟ್ಟಿ ಒಯ್ದರೆ ಆ ರುಚಿ ದಾರಿಯಲ್ಲೇ ಇಳಿದುಹೋಗುತ್ತದೆ. ಎಳ್ಳಮವಾಸ್ಯೆಗೆ ಊರಿಗೆ ಊರೇ ಬಂಡಿ, ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಬಂದು, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಹೋಳಿಗೆ ಬಿಚ್ಚಿ ಕೂಡುತ್ತದೆ. ಆ ದಿನ ದಾರಿಹೋಕನನ್ನು ಉಣ್ಣಿಸದೆ ಬಿಡುವ ಹೊಲ ಇಲ್ಲ. ನೋಡುವುದಕ್ಕೆ ಬೇಕೆನ್ನುವವರಿಗೆ ಇಟಗಿಯ ಮಹಾದೇವ ಗುಡಿ ಇದೆ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ 1112ರಲ್ಲಿ ಕಟ್ಟಿಸಿದ್ದು, ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದದ್ದು. ಕುಕನೂರಿನ ನವಲಿಂಗ ಗುಡಿ ಇದೆ. ಕುಷ್ಟಗಿ ಪಕ್ಕದಲ್ಲಿ ಜನ ತಾವೇ ನಿಂತು ಹೂಳೆತ್ತಿದ ನಿಡಶೇಸಿ ಕೆರೆ ಇದೆ. ಕೆರೆದಂಡೆಯೇ ಬೇಕೆಂದು ಹಟ ಹಿಡಿದವರು ಕಾಲುವೆಯ ತಂಗುನೀರಿಗಿಂತ ಊರು ಬೆವರು ಹರಿಸಿ ಉಳಿಸಿಕೊಂಡ ಕೆರೆಯ ದಂಡೆಗೆ ಬಂದರೆ ನೋಡಿ ಕಲಿಯುವುದಕ್ಕೂ ಒಂದಿಷ್ಟು ಸಿಕ್ಕೀತು.

ಮೊದಲ ಆಕ್ಷೇಪ ಸುಲಭದ್ದು: ಬಿಸಿಲ ಸೀಮೆಗೆ ಯಾರು ಬಂದಾರು? ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸು ಮಳೆ, ಏಪ್ರಿಲಿನಲ್ಲಿ ನಲವತ್ತು ಡಿಗ್ರಿ, ನೆರಳಿಗೆ ಬದುವಿನ ಮೇಲೆ ಒಂದೋ ಎರಡೋ ಬೇವು ಬನ್ನಿ. ಇನ್ನು ಎರೆ ಮಣ್ಣು. ಬೇಸಿಗೆಗೆ ಅದು ಕೈ ಇಳಿಯುವಷ್ಟು ಬಿರಿಯುತ್ತದೆ, ಬಿರುಕಿನ ನಡುವಿನ ಹೆಂಟೆಗೆ ಗೂಟ ಹೊಡೆದರೆ ಗೂಟವೇ ಬಾಗುತ್ತದೆ. ಮಳೆ ಬಿತ್ತೆಂದರೆ ನಾದಿದ ಕಣಕದಂತೆ ಕಾಲಿಗೆ ಮೆತ್ತಿ ಚಪ್ಪಲಿಯನ್ನು ತಾನೇ ಇಟ್ಟುಕೊಳ್ಳುತ್ತದೆ, ಹೊಡೆದ ಗೂಟ ಗಾಳಿ ಬೀಸುವ ಮೊದಲೇ ಕಳಚುತ್ತದೆ. ಎಲ್ಲವೂ ನಿಜ. ಆದರೆ ಇದೇ ಈ ನೆಲದ ದೊಡ್ಡ ಗುಣ. ಇಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ ಡೇರೆ ನಿಂತೀತು, ಆಮೇಲೆ ನೆಲವೇ ಅದನ್ನು ಉಗುಳುತ್ತದೆ. ಯಾವ ನಿಯಮ, ಯಾವ ಪ್ರಾಧಿಕಾರವೂ ಮಾಡಲಾಗದ ಕೆಲಸವನ್ನು ಎರೆ ಮಣ್ಣು ಸುಂಕವಿಲ್ಲದೆ ಮಾಡಿಕೊಡುತ್ತದೆ. ಕತ್ತಲೆಯಾದರೂ ಅಪ್ಪಟವಾಗಿ ಉಳಿದಿದೆಯೇ ಎಂದರೆ, ಪೂರಾ ಇಲ್ಲ. ಕುಷ್ಟಗಿ, ಯಲಬುರ್ಗಾದ ಏರುಗಳ ಮೇಲೆಲ್ಲ ಗಾಳಿಯಂತ್ರಗಳು ನಿಂತಿವೆ, ರಾತ್ರಿ ಅವುಗಳ ಕೆಂಪು ದೀಪಗಳು ಒಂದೇ ತಾಳದಲ್ಲಿ ಹತ್ತಿ ಆರುತ್ತವೆ. ಗಿಣಿಗೇರಾದ ಕಡೆ ಹೋದರೆ ಕಾರ್ಖಾನೆಯ ಮಸಿ ಡೇರೆಯ ಬಟ್ಟೆಯನ್ನು ಬಿಟ್ಟೀತೇ? ಅದಕ್ಕೆಂದೇ ಒಳ ಹೊಲಗಳ ಮಾತು ಹೇಳಿದ್ದು.

ಎರಡನೆಯ ಆಕ್ಷೇಪ ಭಾರವಾದದ್ದು, ಹಗುರ ದನಿಯಲ್ಲಿ ಉತ್ತರಿಸುವಂಥದ್ದಲ್ಲ. 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಹತ್ತಿರ ಕಾಲುವೆ ದಂಡೆಯ ಮೇಲೆ ನಕ್ಷತ್ರ ನೋಡುತ್ತ ಕುಳಿತ ಪ್ರವಾಸಿಗರ ಮೇಲೆ ದಾಳಿಯಾಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು, ಕಾಲುವೆಗೆ ತಳ್ಳಲ್ಪಟ್ಟವರಲ್ಲಿ ಒಡಿಶಾದ ಯುವಕನೊಬ್ಬ ಸತ್ತ. ಆ ಇಬ್ಬರಲ್ಲಿ ಒಬ್ಬಾಕೆ ಹೋಂಸ್ಟೇ ನಡೆಸುವವಳೇ. ಸ್ಥಳೀಯರೊಬ್ಬರು ಜೊತೆಗಿದ್ದರೆ ಸಾಕು ಎಂಬ ಸಮಾಧಾನ ಆ ರಾತ್ರಿಗೆ ಸುಳ್ಳಾಯಿತು. ಅಂಥ ದಿನದ ನಂತರ ಬಯಲಿನಲ್ಲಿ ಮಲಗಿರಿ ಎಂದು ಕರೆಯಲು ಯಾವ ಬಾಯಿ? ಬಟ್ಟೆಯ ಗೋಡೆ ಯಾರನ್ನೂ ಕಾಯುವುದಿಲ್ಲ, ಒಪ್ಪಬೇಕು. ಕುರಿಗಾರ ಕೂಡ ಬಟ್ಟೆಯನ್ನು ನಂಬುವುದಿಲ್ಲ. ಅವನು ನಂಬುವುದು ಕೂಗಳತೆಯನ್ನು. ಒಂದು ಹಟ್ಟಿಯಿಂದ ಕೂಗಿದರೆ ಇನ್ನೊಂದಕ್ಕೆ ಕೇಳಬೇಕು, ನಾಯಿ ಬೊಗಳಿದರೆ ಊರು ಏಳಬೇಕು. ಡೇರೆಗೂ ಇದೇ ಅಳತೆ ಸಾಕು: ಹೊಲದ ಮನೆಯ ಕೂಗಳತೆಯಾಚೆ ಗೂಟ ಬೇಡ, ನಿರ್ಜನ ದಂಡೆಯಂತೂ ಬೇಡವೇ ಬೇಡ. ಏಕಾಂತವನ್ನು ಮಾರುವವರಿಗೆ ಈ ಮಾತು ಹಿಡಿಸದು, ಜಾಹೀರಾತಿನಲ್ಲಿ ಅವರು ಮಾರುವ ಮುಖ್ಯ ಸರಕೇ ಅದು. ಕಾಡುಪ್ರಾಣಿಯ ಮಾತಿಗೆ ಬಂದರೂ ಬಂಡೆಗುಡ್ಡಕ್ಕಿಂತ ಬಯಲು ವಾಸಿ. ಆನೆಗೊಂದಿಯ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ, ಚಿರತೆ ಮನುಷ್ಯರನ್ನು ಕೊಂದದ್ದೂ ಉಂಟು. ಬಯಲಿನದು ತೋಳ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಮುನ್ನೂರು ಹೆಕ್ಟೇರಿಗೆ ಮಿಕ್ಕ ಕುರುಚಲಿನಲ್ಲಿ ಅವುಗಳಿಗೆಂದೇ ಧಾಮವಾಗಿದೆ. ತೋಳ ಕುರಿಮರಿಯ ಮೇಲೆ ಕಣ್ಣಿಟ್ಟೀತು, ಮನುಷ್ಯನ ವಾಸನೆಗೆ ದೂರ ಸರಿಯುತ್ತದೆ. ಆ ಧಾಮದೊಳಗೆ ಡೇರೆ ಬೇಡ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮೂರನೆಯ ಆಕ್ಷೇಪ ಪೇಟೆಯವರದು: ಕಸ ಹಾಕುವುದು ನಾವೊಬ್ಬರೇ ಏನು? ಹುಲಿಗಿಗೆ ಹೋಗಿ ನೋಡಿ. ಈ ಮಾತಿನಲ್ಲಿ ಸತ್ಯವಿದೆ. ಜಿಲ್ಲೆಯ ಅತಿ ದೊಡ್ಡ ಬಯಲು ಬಿಡಾರ ಸಾಣಾಪುರವೇನೂ ಅಲ್ಲ, ಹುಲಿಗೆಮ್ಮನ ಸನ್ನಿಧಿ. ಹುಣ್ಣಿಮೆ ಬಂತೆಂದರೆ ಟ್ರ್ಯಾಕ್ಟರು, ಟಂಟಂ, ರೈಲು ಹಿಡಿದು ಬರುವ ಜನ ಹೊಳೆದಂಡೆಯಲ್ಲೇ ಇಳಿದು, ಮೂರು ಕಲ್ಲು ಹೂಡಿ, ಅಡಿಗೆ ಮಾಡಿ, ಎಡೆ ಹಿಡಿದು, ಉಂಡು, ಮಲಗಿ, ಬೆಳಿಗ್ಗೆ ಏಳುತ್ತಾರೆ. ಅವರಲ್ಲಿ ಡೇರೆ ಇದ್ದವರೇ ಕಡಿಮೆ. ಎದ್ದು ಹೋದ ಮೇಲೆ ದಂಡೆಯಲ್ಲಿ ಉಳಿಯುವುದು ಹಳೆಯ ಬಟ್ಟೆ, ಪ್ಲಾಸ್ಟಿಕ್ ತಟ್ಟೆ, ಶಾಂಪೂ ಚೀಟಿ. ಅದೇ ಹೊಳೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ ನೀರುನಾಯಿಗಳಿಗೆ 2015ರಲ್ಲಿ ಸಂರಕ್ಷಿತ ತಾಣ ಘೋಷಿಸಿದ್ದೇವೆ, ಅವುಗಳ ಪಾಲಿಗೆ ಭಕ್ತರ ಕಸಕ್ಕೂ ಪ್ರವಾಸಿಗರ ಕಸಕ್ಕೂ ಭೇದವಿಲ್ಲ. ಹಾಗೆಂದು ಒಬ್ಬರ ತಪ್ಪು ಇನ್ನೊಬ್ಬರಿಗೆ ಪರವಾನಗಿ ಆಗುವುದಿಲ್ಲ. ಎರಡೂ ಕಡೆ ಕೊರತೆ ಒಂದೇ. ಹುಲಿಗಿಯ ದಂಡೆ ಯಾರೊಬ್ಬರದೂ ಅಲ್ಲ, ಸಾಣಾಪುರದಲ್ಲಿ ಡೇರೆ ನಡೆಸುವ ಗುತ್ತಿಗೆದಾರನಿಗೆ ಆ ಹೊಲ ಮುಂದಿನ ಬೆಳೆಗೆ ಬೇಕಾಗಿಲ್ಲ. ಮುಂಗಾರಿಗೆ ಅದೇ ನೆಲದಲ್ಲಿ ಕೂರಿಗೆ ಹೊಡೆಯಬೇಕಾದವನೇ ಆತಿಥೇಯನಾದರೆ ಒಂದು ಬಾಟಲಿ ಚೂರು ಬೀಳಲೂ ಬಿಡುವುದಿಲ್ಲ, ಬಿದ್ದರೆ ಅದು ಚುಚ್ಚುವುದು ಅವನ ಎತ್ತಿನ ಗೊರಸಿಗೆ. ಶುಚಿತ್ವದ ಬಗ್ಗೆ ಫಲಕ ಬರೆಸುವುದಕ್ಕಿಂತ ಈ ಭಯ ಹೆಚ್ಚು ಕೆಲಸ ಮಾಡುತ್ತದೆ.

ಉಳಿದದ್ದು ನಾಲ್ಕನೆಯದು, ಎಲ್ಲಕ್ಕಿಂತ ಕಹಿಯಾದದ್ದು. ಕುರಿಗಾರ ಮೋಜಿಗೆ ಬಯಲಲ್ಲಿ ಮಲಗಿದವನೇ? ಅವನ ಮಕ್ಕಳ ಶಾಲೆ ತಪ್ಪುತ್ತದೆ, ಬಸುರಿ ಬಾಣಂತಿಯರಿಗೆ ತಾಡಪತ್ರಿಯೇ ಗತಿ, ಕುರಿ ಕದಿಯುವವರ ಕಾಟ ಬೇರೆ. ಅವನಿಗೆ ಒಂದು ಪಕ್ಕಾ ಮನೆ ಕೊಟ್ಟರೆ ನಾಳೆಯೇ ಕಂಬಳಿ ಮಡಚಿಟ್ಟಾನು. ಅಂಥವನ ಬಡತನವನ್ನು ಆದರ್ಶವೆಂದು ಎತ್ತಿ ಹಿಡಿಯುವುದು ಉಂಡವರ ಚಪಲ ಎಂದರೆ ಅದಕ್ಕೆ ಪ್ರತಿಮಾತಿಲ್ಲ. ಇನ್ನೂ ಮುಂದೆ ಹೋಗಿ ಹೇಳಬೇಕಾದ್ದಿದೆ. ಹಿಂಗಾರು ಕೈಕೊಟ್ಟ ವರ್ಷ ಯಲಬುರ್ಗಾ, ಕುಷ್ಟಗಿಯ ಊರುಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತವೆ. ಮುದು ಜೀವಗಳನ್ನು ಬಿಟ್ಟು ಜನ ಗುಳೆ ಹೋಗುತ್ತಾರೆ, ಬೆಂಗಳೂರಿಗೆ, ಮಂಗಳೂರಿಗೆ, ಗೋವಾಕ್ಕೆ. ಬೆಂಗಳೂರಿನಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ಮಗ್ಗುಲಿಗೆ ತಗಡು, ನೀಲಿ ತಾಡಪತ್ರಿಯ ಜೋಪಡಿ ಹೂಡಿ ಕಲ್ಲು ಮಣ್ಣು ಹೊರುತ್ತಾರೆ. ಆ ಅಪಾರ್ಟ್‌ಮೆಂಟ್ ಮುಗಿದ ಮೇಲೆ ಅದರೊಳಗೆ ಇರಲು ಬಂದವರು ಗೋಡೆಯ ಬೇಸರ ಕಳೆಯಲು ಶುಕ್ರವಾರದ ಬಸ್ಸು ಹತ್ತಿ ಇದೇ ಜಿಲ್ಲೆಗೆ ಡೇರೆಯಲ್ಲಿ ಮಲಗಲು ಬರುತ್ತಾರೆ. ಎರಡೂ ಡೇರೆಗಳ ಋತು ಒಂದೇ, ಸುಗ್ಗಿಯ ನಂತರದ ಚಳಿಗಾಲ. ಒಂದಕ್ಕೆ ರಾತ್ರಿಗಿಷ್ಟು ಎಂದು ಬಾಡಿಗೆ, ಇನ್ನೊಂದಕ್ಕೆ ಬೆಂಗಳೂರಿನಲ್ಲಿ ವಿಳಾಸವೂ ಇಲ್ಲ. ಹತ್ತಿಪ್ಪತ್ತು ಡೇರೆಯಿಂದ ಗುಳೆ ನಿಂತೀತೆಂದು ಹೇಳುವವನು ಹುಚ್ಚ. ಗುಳೆ ನಿಲ್ಲಬೇಕಾದರೆ ಹೊಲಕ್ಕೆ ನೀರು, ಕೈಗೆ ಕೆಲಸ ಬೇಕು. ಆದರೆ ಚಳಿಗಾಲದ ಬಾಡಿಗೆ ಕೆರೆದಂಡೆಯ ಗುತ್ತಿಗೆದಾರನ ಬದಲು ಒಣಬೇಸಾಯದ ರೈತನ ಕೈಗೆ, ರೊಟ್ಟಿ ಬಡಿಯುವ ಅವನ ಮನೆಯವಳ ಕೈಗೆ ಬಿದ್ದರೆ, ಆ ಮನೆಯ ಬೀಗ ಒಂದು ತಿಂಗಳು ತಡವಾಗಿ ಬಿದ್ದೀತು. ಕುರಿಗಾರನ ಬಡತನವನ್ನು ಬಿಟ್ಟು ಅವನ ಕರಾರನ್ನಷ್ಟೇ ಎರವಲು ಪಡೆಯಬಹುದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಕರಾರು ಉದ್ದವಿಲ್ಲ, ಗ್ರಾಮ ಪಂಚಾಯಿತಿಯ ಒಂದು ಠರಾವಿನಲ್ಲಿ ಹಿಡಿಯುವಷ್ಟೇ. ಹೊಲದವನು ಕರೆದರೆ ಡೇರೆ, ಕರೆಯದಿದ್ದರೆ ಇಲ್ಲ. ಬೆಳೆ ಬಂದ ಹೊಲದ ಬದುವಿನಲ್ಲಿ ಅಥವಾ ಕೊಯ್ದ ಹೊಲದ ಕೂಳೆಯ ಮೇಲೆ, ಮನೆಯ ಕೂಗಳತೆಯೊಳಗೆ. ಒಂದೇ ಪಟ್ಟಿಯಲ್ಲಿ ಎರಡು ರಾತ್ರಿ, ಆಮೇಲೆ ಮುಂದಿನ ಪಟ್ಟಿ. ಸಿಮೆಂಟು ಒಂದು ಪುಟ್ಟಿಯೂ ಬೇಡ, ಸ್ಪೀಕರು ಬೇಡ. ಊಟ ಆ ಮನೆಯದು, ತಂದ ಕಸ ತಂದವರದು. ಬಾಡಿಗೆ ಮೊದಲೇ ರೈತನ ಕೈಗೆ, ಅದರಲ್ಲೊಂದು ಪಾಲು ಊರ ಕೆರೆಯ ಹೂಳಿಗೆ. ಹೀಗೆ ಮಾಡಿದರೆ ಬಂಡವಾಳ ಹೂಡಿದವನಿಗೆ ಏನು ಉಳಿಯಿತು ಎಂದು ವ್ಯಾಪಾರಸ್ಥ ಕೇಳುತ್ತಾನೆ. ವರ್ಷಕ್ಕೆ ನಾಲ್ಕು ತಿಂಗಳು ನಡೆದು, ಎರಡು ದಿನಕ್ಕೊಮ್ಮೆ ಜಾಗ ಬದಲಿಸಿ, ಕಟ್ಟೆಯೂ ಇಲ್ಲದೆ, ಬಚ್ಚಲೂ ಇಲ್ಲದೆ ಯಾರು ಲಾಭ ಮಾಡಿಯಾರು ಎಂಬುದು ಅವನ ಲೆಕ್ಕ. ಅವನ ಲೆಕ್ಕ ಸರಿಯಾಗಿಯೇ ಇದೆ, ಅದು ಲಾಡ್ಜಿನ ಲೆಕ್ಕ. ಲಾಡ್ಜು ಕಟ್ಟುವುದು ಪಾಪವಲ್ಲ. ಗಂಗಾವತಿಯಲ್ಲೂ ಕೊಪ್ಪಳದಲ್ಲೂ ಅದಕ್ಕೆ ನಿವೇಶನವಿದೆ, ಪರವಾನಗಿ ಕೊಡುವ ಕಚೇರಿ ಇದೆ, ತೆರಿಗೆಯೂ ಇದೆ. ಗೂಟ ಕೀಳಲು ಮನಸ್ಸಿಲ್ಲದವರು ಅಲ್ಲಿಗೆ ಹೋಗಿ ಧಾರಾಳವಾಗಿ ಕಟ್ಟಲಿ. ಬೋರ್ಡಿನ ಮೇಲೆ ಊರಿನ ಹೆಸರನ್ನಾದರೂ ಸರಿಯಾಗಿ ಬರೆಸಲಿ.